ಎನೊಶಿಮಾ: ಇಳಿತದ ದಾರಿಯಿಂದ ರೈಲುಹಳಿಗೆ

ಜಪಾನಿನ ಸಗಾಮಿ ಕೊಲ್ಲಿಯ ದಡದಲ್ಲಿ, ಕಾಮಾಕುರಾ ಪಟ್ಟಣದಿಂದ ಪಶ್ಚಿಮಕ್ಕೆ ಸಾಗುವ ಶಿಚಿರಿಗಹಾಮಾ ಎಂಬ ಕಡಲತೀರದಾಚೆ, ಎನೊಶಿಮಾ ಎಂಬ ಪುಟ್ಟ ಬಂಡೆದ್ವೀಪವಿದ್ದು, ಆಕಾಶ ತಿಳಿಯಾದ ದಿನಗಳಲ್ಲಿ ಅದರ ಹಿನ್ನೆಲೆಯಲ್ಲಿ ಫ್ಯೂಜಿ ಪರ್ವತ ಕಾಣಿಸುತ್ತದೆ. ಟೋಕಿಯೊ ನಗರದವರು ವಸಂತದಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಈ ಕರಾವಳಿಯ ವಿಹಾರವು ಮೂಲತಃ ಹಲವು ದಿನಗಳ ತೀರ್ಥಯಾತ್ರೆಯಾಗಿತ್ತು. ಅದನ್ನು ಒಂದೇ ದಿನಕ್ಕೆ ಇಳಿಸಿದ್ದು ರೈಲು.

ದ್ವೀಪದ ಅಧಿದೇವತೆ ಬೆಂಜೈಟೆನ್, ಬೌದ್ಧ ಸೂತ್ರಗಳ ಜೊತೆಯಲ್ಲಿ ಚೀನಾದ ಮೂಲಕ ಜಪಾನನ್ನು ತಲುಪಿದ ನಮ್ಮ ಸರಸ್ವತಿಯೇ. ಅಲ್ಲಿರುವ ಎರಡು ಮೂರ್ತಿಗಳಲ್ಲಿ ಎಂಟು ತೋಳಿನದು ಸುವರ್ಣಪ್ರಭಾಸ ಸೂತ್ರದ ವರ್ಣನೆಯನ್ನು ನೆನಪಿಸಿದರೆ, ಇನ್ನೊಂದು ವೀಣೆಯ ಬದಲು ಬಿವಾ ಎಂಬ ತಂತಿವಾದ್ಯವನ್ನು ಹಿಡಿದ ದೇವಿಯದು. ಕಾಮಾಕುರಾದಲ್ಲಿ ಸೇನಾಧಿಪತ್ಯವನ್ನು ಕಟ್ಟಿದ ಮಿನಾಮೊತೊ ನೊ ಯೊರಿತೊಮೊ 1182ರಲ್ಲಿ ಮೊಂಗಾಕು ಎಂಬ ಸಂನ್ಯಾಸಿಯಿಂದ ಇಲ್ಲಿ ದೇವಿಯ ಪ್ರತಿಷ್ಠಾಪನೆ ಮಾಡಿಸಿದನೆಂದು 'ಅಜುಮಾ ಕಗಾಮಿ' ಎಂಬ ಕಾಲಾನುಕ್ರಮ ಗ್ರಂಥ ದಾಖಲಿಸುತ್ತದೆ.

ಯಾತ್ರೆಯು ಜನಸಾಮಾನ್ಯರದಾದದ್ದು ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ. ಎಡೊ ನಗರದಿಂದ (ಇಂದಿನ ಟೋಕಿಯೊ) ಫುಜಿಸಾವಾ ತಂಗುದಾಣಕ್ಕೆ ಸುಮಾರು 50 ಕಿಲೋಮೀಟರ್ ನಡೆದು, ಅಲ್ಲಿ ತೊಕಾಯಿದೊ ಹೆದ್ದಾರಿಯನ್ನು ಬಿಟ್ಟು ಕಡಲಿನತ್ತ ತಿರುಗಬೇಕಿತ್ತು. ಆ ತಿರುವಿನ ದಾರಿಗೆ ಕಲ್ಲಿನ ಕೈಮರಗಳನ್ನು ನೆಡಿಸಿದವನು ಕುರುಡ ಸೂಜಿಚಿಕಿತ್ಸಕ ಸುಗಿಯಾಮಾ ವಾಇಚಿ (1610–1694) ಎಂಬುದು ಪ್ರತೀತಿ. ದ್ವೀಪದ ಗುಹೆಯಲ್ಲಿ ಉಪವಾಸವಿದ್ದಾಗ, ಸಪೂರ ಕೊಳವೆಯೊಳಗಿನಿಂದ ಸೂಜಿ ಚುಚ್ಚುವ ವಿಧಾನ ಆತನಿಗೆ ಹೊಳೆಯಿತೆಂದೂ ಹೇಳುತ್ತಾರೆ. ಫುಜಿಸಾವಾದಲ್ಲಿ ಉಳಿದಿರುವ ಆ ಕಂಬಗಳ ಒಂದು ಮುಖದಲ್ಲಿ ದಾರಿಯ ಹೆಸರೂ, ಪಕ್ಕದ ಮುಖಗಳಲ್ಲಿ ಸಕಲ ಜೀವಿಗಳಿಗೆ ಇಹಪರಗಳೆರಡರಲ್ಲೂ ಸುಖವಾಗಲಿ ಎಂಬ ಹಾರೈಕೆಯೂ ಕೆತ್ತಲ್ಪಟ್ಟಿವೆ. ದಾರಿ ಕಾಣದವನೊಬ್ಬ ಅಪರಿಚಿತರಿಗಾಗಿ ದಾರಿ ತೋರಿಸಿದ ಈ ಕಲ್ಲುಗಳನ್ನು ಎನೊಶಿಮಾದ ಚರಿತ್ರೆಯಲ್ಲಿ ಅತ್ಯಂತ ಅಮೂಲ್ಯವಾದವು ಎಂದರೆ ಅತಿಶಯೋಕ್ತಿಯಾಗದು.

ಯಾತ್ರಿಕರಲ್ಲಿ ಸ್ತ್ರೀಯರು ಬಹಳವಿದ್ದುದಕ್ಕೆ ಎರಡು ಕಾರಣಗಳಿದ್ದವು. ಎಡೊದಿಂದ ಪಶ್ಚಿಮಕ್ಕೆ ಹೋಗುವ ಹೆಂಗಸರನ್ನು ಹಕೊನೆಯ ತಪಾಸಣಾ ಠಾಣೆಯಲ್ಲಿ ರಹದಾರಿಗಾಗಿ ತಡೆಯುತ್ತಿದ್ದರು, ಎನೊಶಿಮಾವಾದರೋ ಆ ಠಾಣೆಯ ಈಚೆಗೇ ಇತ್ತು. ಅಲ್ಲದೆ ಬೆಂಜೈಟೆನ್ ಸಂಗೀತದ ದೇವತೆಯಾದ್ದರಿಂದ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯವನ್ನು ಕಲಿಸುವ ಗುರುಗಳು ಶಿಷ್ಯೆಯರೊಡನೆ ಗುಂಪುಗುಂಪಾಗಿ ಬರುತ್ತಿದ್ದರು. ಚಿತ್ರಕಾರ ಹಿರೋಶಿಗೆಯ ಒಂದು ಮರದಚ್ಚಿನ ಚಿತ್ರದಲ್ಲಿ ಬೇರೆಬೇರೆ ಸಂಗೀತ ಪರಂಪರೆಗಳ ಹೆಂಗಸರು ತಂತಮ್ಮ ಲಾಂಛನದ ಕೊಡೆಗಳನ್ನು ಹಿಡಿದು ದ್ವೀಪದತ್ತ ನಡೆಯುತ್ತಿದ್ದಾರೆ.

ಈ ಪಯಣಕ್ಕೆ ವಸಂತ ಒದಗಿಬರಲು ಕಡಲೇ ಕಾರಣ. ಜಪಾನಿನ ಪೆಸಿಫಿಕ್ ತೀರದಲ್ಲಿ ವರ್ಷದ ದೊಡ್ಡ ಇಳಿತಗಳು ವಸಂತದಲ್ಲಿ ಹಗಲುಹೊತ್ತಿಗೆ ಬೀಳುತ್ತವೆ; ಆಗ ದಡಕ್ಕೂ ದ್ವೀಪಕ್ಕೂ ನಡುವಿನ ಮರಳದಿಬ್ಬ ತೆರೆದುಕೊಂಡು, ದೋಣಿಯ ಹಂಗಿಲ್ಲದೆ ಕಾಲ್ನಡಿಗೆಯಲ್ಲೇ ದಾಟಬಹುದಿತ್ತು. 1797ರಲ್ಲಿ ಚಿತ್ರಕಾರ ಹೊಕುಸಾಯಿ ರಚಿಸಿದ ಎನೊಶಿಮಾದ ವಸಂತದ ಚಿತ್ರವೂ ಇಂಥ ತೀರವಿಹಾರದ್ದೇ.

1868ರಲ್ಲಿ ಹೊಸ ಸರ್ಕಾರ ಬೌದ್ಧಧರ್ಮವನ್ನೂ ಶಿಂತೊ ಪಂಥವನ್ನೂ ಬೇರ್ಪಡಿಸಿದ ಮೇಲೆ ದ್ವೀಪದ ಬೌದ್ಧ ಮಠ ಶಿಂತೊ ದೇಗುಲವಾಯಿತು. 1887ರಲ್ಲಿ ಫುಜಿಸಾವಾಕ್ಕೆ ರೈಲು ಬಂದಿತು, 1891ರಲ್ಲಿ ದ್ವೀಪಕ್ಕೆ ಮರದ ಸೇತುವೆಯಾಯಿತು. 1902ರಲ್ಲಿ ಫುಜಿಸಾವಾದಿಂದ ಕಡಲಬದಿಗೆ ಹೊರಟ ವಿದ್ಯುತ್ ರೈಲುಹಳಿ 1910ರಲ್ಲಿ ಕಾಮಾಕುರಾವನ್ನು ಮುಟ್ಟಿದ ಹೊತ್ತಿಗೆ, ಸೇತುವೆಯಿಂದಾಗಿ ಇಳಿತಕ್ಕಾಗಿ ಕಾಯುವ ಅಗತ್ಯವೇ ಉಳಿದಿರಲಿಲ್ಲ. 1923ರ ಮಹಾಭೂಕಂಪದಲ್ಲಿ ದ್ವೀಪ ಮೇಲೆದ್ದು, ಅದರ ಪಶ್ಚಿಮ ಅಂಚಿನ ಚಿಗೊಗಫುಚಿಯಲ್ಲಿ ಕಡಲ ತಳದ ಬಂಡೆಹಾಸು ಹೊರಬಿದ್ದಿತು. ಸಂಜೆಯ ರೈಲು ಹಿಡಿಯುವ ಮುನ್ನ ಪ್ರವಾಸಿಗರು ಕುಳಿತು ಫ್ಯೂಜಿಯನ್ನು ನೋಡುವುದು ಆ ಹಾಸಿನ ಮೇಲೆಯೇ.