ಫಾರ್ಮ್ಯಾಟ್ ಹೊಡೆಯುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಕಲಿತ ನಮ್ಮ ತಲೆಮಾರಿನವರ ಕೈಯಲ್ಲಿ ಎಲ್ಲ ಕಾಯಿಲೆಗೂ ಇದ್ದದ್ದು ಒಂದೇ ಮದ್ದು: ಫಾರ್ಮ್ಯಾಟ್ ಹೊಡೆಯುವುದು. ವಿಂಡೋಸ್ 98 ನಿಧಾನವಾಯಿತೇ, ವೈರಸ್ ಹೊಕ್ಕಿತೇ, ಮೇಲ್ ತೆರೆಯುತ್ತಿಲ್ಲವೇ, ಸಿ ಡ್ರೈವ್ ಅಳಿಸಿ ಎಲ್ಲವನ್ನೂ ಮತ್ತೆ ಹಾಕಿಕೊಡುತ್ತಿದ್ದೆವು. ಗಿರಾಕಿಗಳೂ “ಎಲ್ಲಾ ಹೊಸದಾಗಿ ಹಾಕ್ಬಿಡಿ ಸಾರ್” ಅನ್ನುತ್ತಿದ್ದರು. ಹೀಗೆ ಹೊಸದಾಗಿ ಶುರುಮಾಡುವಾಗ ಈ ಊರಿನ ಎಷ್ಟೋ ಮನೆಗಳ ಪತ್ರವ್ಯವಹಾರ ಅಳಿದುಹೋಯಿತು. ಅದರ ಚರಿತ್ರೆಯನ್ನು ಯಾರಾದರೂ ಬರೆಯಬೇಕು.

ಇಮೇಲ್ ಇಲ್ಲಿಗೆ ಮೊದಲು ಬಂದದ್ದು ವಿಜ್ಞಾನಿಗಳ ಬಳಿಗೆ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಬೆಂಗಳೂರಿಗೂ ಅದು ಬಂದಮೇಲೆ ವಿಸಿಟಿಂಗ್ ಕಾರ್ಡುಗಳಲ್ಲಿ ‘ಜಿಐಎಎಸ್‌ಬಿಜಿ01’ ಎಂಬ ಉದ್ದನೆಯ ವಿಳಾಸ ಕಾಣಿಸಿಕೊಂಡಿತು. ಅದು ಇದ್ದವರಿಗೆ ಒಂದು ಗತ್ತು! ಮರುವರ್ಷ ಜುಲೈನಲ್ಲಿ ಹಾಟ್‌ಮೇಲ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಶಾಲೆ ಓದಿದ್ದು ಬೆಂಗಳೂರಿನಲ್ಲಿ. ಹಾಟ್‌ಮೇಲ್ ಪೆಟ್ಟಿಗೆ ಹಿಡಿಯುತ್ತಿದ್ದದ್ದು 2 ಎಂಬಿ ಮಾತ್ರ. ಯಾರಾದರೂ ಒಂದು ಮದುವೆ ಫೋಟೊ ಕಳಿಸಿದರೆ ಹಳೆಯದನ್ನು ಅಳಿಸಲೇಬೇಕಾಗುತ್ತಿತ್ತು.

ಮನೆಯಲ್ಲಿ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿದವರು ಬಳಸುತ್ತಿದ್ದದ್ದು ಔಟ್‌ಲುಕ್ ಎಕ್ಸ್‌ಪ್ರೆಸ್. ಅಪಾಯ ಇದ್ದದ್ದು ಇಲ್ಲಿಯೇ. ಆಗಿನ ವ್ಯವಸ್ಥೆಯಲ್ಲಿ ಪತ್ರಗಳು ನಿಮ್ಮ ಕಂಪ್ಯೂಟರಿಗೆ ಇಳಿದ ಕೂಡಲೇ ಸರ್ವರಿನಿಂದ ಅಳಿಸಿಹೋಗುತ್ತಿದ್ದವು. ಅಂದರೆ ಜಗತ್ತಿನಲ್ಲಿ ಉಳಿದ ಪ್ರತಿ ಅದೊಂದೇ. ಆ ಪ್ರತಿ ಕೂತದ್ದು ಸಿ ಡ್ರೈವಿನ ಒಳಗೆ, ಫೋಲ್ಡರಿನೊಳಗೆ ಫೋಲ್ಡರ್ ದಾಟಿ ಹೋದರೆ ಸಿಗುವ ‘ಡಿಬಿಎಕ್ಸ್’ ಕಡತಗಳಲ್ಲಿ. ಫಾರ್ಮ್ಯಾಟಿಗೆ ಮುಂಚೆ ಹುಡುಗರು ‘ಮೈ ಡಾಕ್ಯುಮೆಂಟ್ಸ್’ ಒಂದನ್ನು ಕಾಪಿ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಜಾಣರು ಡಿಬಿಎಕ್ಸ್ ಕಾಪಿ ಮಾಡಿಕೊಂಡರೂ ವಿಳಾಸಗಳಿದ್ದ ‘ಡಬ್ಲ್ಯುಎಬಿ’ ಕಡತ ಬೇರೆಯೇ ಕಡೆ ಇರುತ್ತಿತ್ತು. ಪತ್ರ ಉಳಿದರೆ ವಿಳಾಸ ಇಲ್ಲ, ವಿಳಾಸ ಉಳಿದರೆ ಪತ್ರ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು “ಮೊದ್ಲು ಡಬ್ಲ್ಯುಎಬಿ ಹುಡುಕು, ಆಮೇಲೆ ಸ್ಕ್ರೂಡ್ರೈವರ್ ಮುಟ್ಟು” ಎನ್ನುತ್ತಿದ್ದರು. ಅಂಥವರು ಆ ರಸ್ತೆಯಲ್ಲಿ ಕಡಿಮೆ.

ಕನ್ನಡದಲ್ಲಿ ಬರೆದವರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಚಾಮರಾಜಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ನನಗೆ ಪರಿಚಯ. ಅಮೆರಿಕದಲ್ಲಿದ್ದ ಹಳೆಯ ಶಿಷ್ಯರಿಗೆ ‘ಬರಹ’ ತಂತ್ರಾಂಶದ ಫಾಂಟಿನಲ್ಲಿ ಪುಟಗಟ್ಟಲೆ ಬರೆಯುತ್ತಿದ್ದರು: ಹಳಗನ್ನಡದ ಅನುಮಾನಗಳು, ಪುಸ್ತಕದ ಸುದ್ದಿ, ತಾಯಿ ತೀರಿಕೊಂಡ ವಿವರ. ‘ಬರಹ’, ‘ನುಡಿ’ ತಂತ್ರಾಂಶಗಳ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಫಾರ್ಮ್ಯಾಟ್ ಆದಮೇಲೆ ಫಾಂಟು ಹಾಕದಿದ್ದರೆ ಅದೇ ಪತ್ರ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಫಾಂಟು ಹಾಕಿದೊಡನೆ ಮೇಷ್ಟ್ರ ಪತ್ರಗಳು ಒಂದೊಂದಾಗಿ ಕನ್ನಡಕ್ಕೆ ಮರಳಿದವು. ಬೇರೆ ಎಷ್ಟೋ ಮನೆಗಳಲ್ಲಿ “ಮೇಲ್ ಕೆಟ್ಟಿದೆ” ಎಂದು ಅಂಥವನ್ನು ಅಳಿಸಿಬಿಟ್ಟರು. ಕೆಟ್ಟಿರಲಿಲ್ಲ.

ಆಫೀಸುಗಳ ಔಟ್‌ಲುಕ್‌ದು ಮತ್ತೊಂದು ಪಾಡು. 2003ಕ್ಕೆ ಮುಂಚಿನ ಆವೃತ್ತಿಗಳಲ್ಲಿ ‘ಪಿಎಸ್‌ಟಿ’ ಕಡತ 2 ಜಿಬಿ ಮುಟ್ಟಿದರೆ ತೆರೆಯುವುದನ್ನೇ ನಿಲ್ಲಿಸುತ್ತಿತ್ತು. ಮೈಕ್ರೋಸಾಫ್ಟ್ ಕೊಟ್ಟ ಉಪಕರಣ ಕಡತದ ಒಂದಷ್ಟು ಭಾಗವನ್ನೇ ಕತ್ತರಿಸಿ ಉಳಿದದ್ದನ್ನು ತೆರೆಯುತ್ತಿತ್ತು. ಹಾಗಾಗಿ ಹೊಸ ಪ್ರೊಫೈಲ್, ಖಾಲಿ ಪಿಎಸ್‌ಟಿ ಮಾಡಿಕೊಡುವುದೇ ರೂಢಿಯಾಯಿತು. ಎರಡಕ್ಷರ ಒತ್ತಿದರೆ ಪೂರ್ತಿ ಮೂಡುತ್ತಿದ್ದ ವಿಳಾಸಗಳನ್ನೇ ಜನ ತಮ್ಮ ಕಾಂಟ್ಯಾಕ್ಟ್ಸ್ ಎಂದು ನಂಬಿದ್ದರು. ಅವು ಇದ್ದದ್ದು ‘ಎನ್‌ಕೆ2’ ಎಂಬ ಪ್ರತ್ಯೇಕ ಕಡತದಲ್ಲಿ. ಹೊಸ ಪ್ರೊಫೈಲಿನಲ್ಲಿ ಅವು ಮೂಡುತ್ತಿರಲಿಲ್ಲ. ವರ್ಷಗಳ ವ್ಯವಹಾರದ ನಂಟು ಮಧ್ಯಾಹ್ನದೊಳಗೆ ಮಾಯ.

2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಟ್ಟಿತು. ಅಲ್ಲಿಂದ ಮುಂದೆ ಅಳಿಸುವ ಅಗತ್ಯ ಬೀಳಲಿಲ್ಲ. ಆದರೆ ಆ ಬದಲಾವಣೆಯಲ್ಲಿ ಹೆಚ್ಚಿನವರು ಹಳೆಯ ಐಡಿಯನ್ನು ಹಾಗೇ ಬಿಟ್ಟು ಬಂದರು. ಬಳಸದ ಪೆಟ್ಟಿಗೆಗಳನ್ನು ಹಾಟ್‌ಮೇಲ್ ಖಾಲಿಮಾಡುತ್ತಿತ್ತು. ಕನ್ನಡದ ಹಿರಿಯ ಲೇಖಕರ ಕೈಬರಹದ ಪತ್ರಗಳು ಸಂಕಲನಗಳಾಗಿ ಬಂದಿವೆ. ಇಮೇಲಿನ ಮೊದಲ ಹತ್ತು ವರ್ಷಗಳಲ್ಲಿ ಕನ್ನಡಿಗರು ಬರೆದುಕೊಂಡದ್ದನ್ನು ಹಾಗೆ ಕೂಡಿಸಹೊರಟರೆ ಸಿಗುವುದು ಅಲ್ಪ. ಇದು ಸಣ್ಣ ನಷ್ಟವಲ್ಲ.

ಸ್ಪ್ಯಾಮ್ ಹೆಚ್ಚಾಯಿತು, ಕೆಲಸ ಬದಲಾಯಿತು ಎಂದು ಈಗಲೂ ಜನ ಹೊಸ ಐಡಿ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಿ. ಅದಕ್ಕೆ ಮುಂಚೆ ಗೂಗಲ್ ಟೇಕೌಟ್‌ನಿಂದ ಹಳೆಯ ಪತ್ರಗಳನ್ನು ಇಳಿಸಿಕೊಳ್ಳಿ, ಕಾಂಟ್ಯಾಕ್ಟ್ಸನ್ನು ‘ವಿಸಿಎಫ್’ ಆಗಿ ತೆಗೆದಿಡಿ, ಎರಡು ಡಿಸ್ಕಿನಲ್ಲಿ ಪ್ರತಿ ಇಡಿ. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸುತ್ತಿದೆ. ಮನೆಯ ಹಿರಿಯರ ಹಳೆಯ ಖಾತೆ ಇನ್ನೂ ಇದ್ದರೆ, ಅವರನ್ನು ಕೂರಿಸಿಕೊಂಡು ಈ ವಾರವೇ ಒಮ್ಮೆ ಲಾಗಿನ್ ಮಾಡಿಸಿ.