ಕೊನೆಗಾರನ ಮಣೆ

ಅಮೆರಿಕದ ಬೇಟೆಗಾರರು ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗದಲ್ಲಿ ಮರಕ್ಕೆ ಜೋತು ಗಂಟೆಗಟ್ಟಲೆ ಕೂರುತ್ತಾರೆ. ಕಡಿಮೆ ಖರ್ಚಿನಲ್ಲಿ, ಸೊಂಟ ನೋಯದ ಹಾಗೆ ಕೂರುವುದು ಹೇಗೆಂಬುದೇ ಅವರ ತಲೆಬಿಸಿ. ನಮ್ಮ ಮಲೆನಾಡಿನ ಕೊನೆಗಾರರಿಗೆ ಇದು ಹಳೇ ತಲೆಬಿಸಿ. ಕೊಂಬೆಯೇ ಇಲ್ಲದ ಅಡಿಕೆ ಮರದಲ್ಲಿ ಅವರಿಗಿದ್ದದ್ದು ಕಾಲಿಗೊಂದು ತಳೆ, ಕೂರಲು ಹಗ್ಗ ಕಟ್ಟಿದ ಸಣ್ಣ ಮಣೆ.

ಕೊಯ್ಲಷ್ಟೇ ಆಗಿದ್ದರೆ ಬೇಗ ಇಳಿಯಬಹುದಿತ್ತು. ಕೊಳೆರೋಗ ಬಿಡಬೇಕಲ್ಲ! ಹಿಂದೆ ಮಳೆಗೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, 1910ರಲ್ಲಿ ಈ ರೋಗದ ಅಧ್ಯಯನ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಸಿದರು. ಮೈಲುತುತ್ತ, ಸುಣ್ಣ ತಲಾ 1 ಕಿಲೋ, ನೀರು 100 ಲೀಟರ್. ಬೆಳೆ ಉಳಿಯಿತು. ಆದರೆ ಕೊನೆಗಾರ ಮಳೆಗಾಲದ ಜಾರುವ ಮರದ ತುದಿಯಲ್ಲೇ ಕೂರಬೇಕಾಯಿತು. ಒಂದು ಮರ ಮುಗಿದರೆ ಪಕ್ಕದ್ದನ್ನು ಎಳೆದುಕೊಂಡು ದಾಟುತ್ತಾನೆ. ಮಣೆಯ ಹಗ್ಗ ಬಿಚ್ಚುವ ಆ ಗಳಿಗೆಯಲ್ಲಿ ಅವನನ್ನು ಹಿಡಿದಿಡುವುದು ಅವನ ಕೈಕಾಲು ಮಾತ್ರ. ಕಾಯಿಗೆ ಸಿಕ್ಕ ವಿಜ್ಞಾನ ಮಣೆಗೆ ಸಿಗಲಿಲ್ಲ ಎಂದೇ ನಾವು ಹೇಳುತ್ತೇವೆ.

2019ರ ಹೊತ್ತಿಗೆ ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಸೀಟು, ಪೆಟ್ರೋಲ್ ಎಂಜಿನ್ ಇರುವ ಮರ ಹತ್ತುವ ಬೈಕ್ ಮಾಡಿದರು. ಸುಖದ ಸೀಟೇನೋ ಹೌದು. ಆದರೆ ಕೊನೆಗಾರನ ಹಾಗೆ ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟಲು ಅದಕ್ಕಾಗದು. ಪ್ರತಿ ಮರಕ್ಕೂ ಇಳಿದೇ ಹತ್ತಬೇಕು.