ಬಡಾವಣೆಯ ಋಣ

ಹೊಲವು ನಿವೇಶನವಾದೊಡನೆ ಅದರ ಬೆಲೆಯು ಹಲವು ಪಟ್ಟು ಏರುವದು. ಈ ಏರಿಕೆಯು ಹೊಲದೊಡೆಯನ ಬೆವರಿನಿಂದ ಹುಟ್ಟಿದುದಲ್ಲ. ಹತ್ತಿರ ಹಾದುಹೋದ ದಾರಿ, ಬಂದ ರೈಲು, ಹರಿದ ಕಾಲುವೆ, ನೆರೆದ ಜನ ಇವುಗಳಿಂದ ಹುಟ್ಟಿದುದು. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಮುಂದೆ ಆ ಊರು ಕೋಟೆಕಂದಕಗಳನ್ನು ದಾಟಿ ಬೆಳೆಯಿತು. ಬಹು ವರ್ಷಗಳ ತರುವಾಯ ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನವಿಯ ಸೀಮೆಗೂ ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗದ ಸೀಮೆಗೂ ನೀರು ತಂದವು. ಹೀಗಿರಲು, ಹೆಸರಿನಲ್ಲಿಯೇ ಕೆರೆಯನ್ನು ನೆನಪಿಸುವ ಅರಕೇರಾದಂತಹ ಊರುಗಳ ಹೊಲಗಳಲ್ಲಿಯೂ ನಿವೇಶನದ ಕಲ್ಲು ನೆಡುವ ದಿನವು ಬರತಕ್ಕದ್ದೇ.

ಆದರೆ ಕಲ್ಲು ನೆಟ್ಟ ಮಾತ್ರಕ್ಕೆ ನೆಲವು ಬಡಾವಣೆಯಾಗುವದಿಲ್ಲ. ಕುಡಿಯುವ ನೀರು, ಗಟಾರ, ದೀಪ, ದಾರಿ ಇವಿಲ್ಲದೆ ಅಲ್ಲಿ ಸಂಸಾರ ಹೂಡುವದು ಶಕ್ಯವಿಲ್ಲ. ಇವುಗಳ ವೆಚ್ಚವನ್ನು ಹೊರತಕ್ಕವರು ಯಾರು? ನೆಲವನ್ನು ಮಾರಿ ಲಾಭ ಪಡೆದವರೋ, ಕೊಂಡು ಮನೆ ಕಟ್ಟಿದವರೋ, ಇಡೀ ಊರೋ?

ಈ ಪ್ರಶ್ನೆಯು ಹೊಸದಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮೇಲಿಂದ ಮೇಲೆ ಬರುವವು. ಕೆರೆಯನ್ನು ಕಟ್ಟಿಸಿದವನಿಗೆ, ಇಲ್ಲವೆ ಒಡೆದ ಕೆರೆಯನ್ನು ತಿದ್ದಿಸಿದವನಿಗೆ, ಭೂಮಿಯನ್ನಾಗಲಿ ಉತ್ಪನ್ನದ ಒಂದು ಪಾಲನ್ನಾಗಲಿ ಬಿಟ್ಟುಕೊಡುತ್ತಿದ್ದರು. ಅಂಥ ಭೂಮಿಯು ಕೆರೆಯ ಕೆಳಗೇ ಇದ್ದಲ್ಲಿ, ಕೆರೆಯಲ್ಲಿ ನೀರು ನಿಂತರಷ್ಟೇ ಅದಕ್ಕೆ ಬೆಲೆ. ಆದಕಾರಣ ಹಣ ತೊಡಗಿಸಿದವನ ಹಿತವೂ ಊರಿನ ಹಿತವೂ ಒಂದೇ ಏರಿಯ ಮೇಲೆ ನಿಂತಿದ್ದವು. ಹಣಕ್ಕೂ ಕೆಲಸಕ್ಕೂ ನಡುವೆ ಕೊಂಡಿಯಿತ್ತು. ಮುಂದಿನ ಇತಿಹಾಸವೆಲ್ಲ ಈ ಕೊಂಡಿಯು ಉಳಿದುದರ, ಕಳಚಿದುದರ ಕಥೆಯೆಂದು ಹೇಳಬಹುದು.

ಹೊಸ ಕಾಲದ ಬಡಾವಣೆಗಳನ್ನು ಮೊದಲು ರಚಿಸಿದುದು ಸರಕಾರವೇ. ಮೈಸೂರು ಸಂಸ್ಥಾನದಲ್ಲಿ ದಿವಾನ ಶೇಷಾದ್ರಿ ಅಯ್ಯರರ ಕಾಲದಲ್ಲಿ, ೧೮೯೨ರಲ್ಲಿ, ಬೆಂಗಳೂರಿನ ಚಾಮರಾಜಪೇಟೆಯು ಹುಟ್ಟಿತು. ೧೮೯೮ರಲ್ಲಿ ಪ್ಲೇಗು ಊರನ್ನು ಹೊಕ್ಕಾಗ ಇಕ್ಕಟ್ಟಾದ ಪೇಟೆಯ ಜನರಿಗೆ ಬಸವನಗುಡಿ, ಮಲ್ಲೇಶ್ವರಗಳು ಆಶ್ರಯವಾದವು. ಮೈಸೂರು ನಗರಕ್ಕೆ ೧೯೦೩ರಲ್ಲಿ, ಬೆಂಗಳೂರಿಗೆ ೧೯೪೫ರಲ್ಲಿ ನಗರ ಸುಧಾರಣಾ ಮಂಡಳಿಗಳು ಏರ್ಪಟ್ಟವು. ನೆಲವನ್ನು ಕೊಳ್ಳುವದು, ದಾರಿ ಗಟಾರಗಳನ್ನು ಮಾಡಿಸುವದು, ಬಳಿಕ ನಿವೇಶನಗಳನ್ನು ಹಂಚುವದು ಮಂಡಳಿಯದೇ ಕೆಲಸ. ಮಾರುವವನೂ ಕೆಲಸ ಮಾಡಿಸುವವನೂ ಒಬ್ಬನೇ ಆದುದರಿಂದ ಇಲ್ಲಿಯೂ ಕೊಂಡಿಯು ಉಳಿದಿತ್ತು.

ಮುಂಬಯಿ ಇಲಾಖೆಯವರು ಬೇರೆ ದಾರಿ ಹಿಡಿದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಆ ಇಲಾಖೆಗೆ ಸೇರಿದ್ದವು. ೧೯೧೫ರ ಅಲ್ಲಿಯ ನಗರಯೋಜನಾ ಕಾನೂನು, ಯೋಜನೆಯಿಂದ ಯಾರ ನೆಲದ ಬೆಲೆಯು ಏರುವದೋ ಅವರಿಂದ ಆ ಏರಿಕೆಯ ಒಂದು ಪಾಲನ್ನು ವಂತಿಗೆಯಾಗಿ ಪಡೆಯುವದಕ್ಕೆ ಅಧಿಕಾರವಿತ್ತಿತು. ನಿಜಾಮರ ಆಳಿಕೆಯಲ್ಲಿದ್ದ ರಾಯಚೂರಿಗೆ ಈ ಎರಡು ಪದ್ಧತಿಗಳೂ ಹೊರಗಿನವಾಗಿದ್ದವು. ೧೯೫೬ರಲ್ಲಿ ಕನ್ನಡ ನಾಡು ಒಂದಾದ ತರುವಾಯ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನು ಎಲ್ಲ ಸೀಮೆಗಳಿಗೂ ಒಂದೇ ನಿಯಮವನ್ನು ಹಾಕಿತು. ಭೂಮಿಯ ಉಪಯೋಗವು ಬದಲಾಗಿ ಬೆಲೆ ಹೆಚ್ಚಿದಾಗ ಶುಲ್ಕ ತೆಗೆದುಕೊಳ್ಳಲು ಅದರಲ್ಲಿ ಅವಕಾಶವುಂಟು. ನೀರಿನ ಯೋಜನೆ, ವರ್ತುಲ ರಸ್ತೆ, ಕೊಳಚೆ ಪ್ರದೇಶಗಳ ಸುಧಾರಣೆ, ಸಾಮೂಹಿಕ ಸಾರಿಗೆ ಇವುಗಳಿಗಾಗಿ ಮುಂದೆ ಸೇರಿಸಿದ ಕರಗಳೆಲ್ಲ ಕೂಡಿ ಆಸ್ತಿಯ ಬೆಲೆಯ ಹತ್ತನೆಯ ಒಂದು ಪಾಲನ್ನು ಮೀರಕೂಡದೆಂದೂ ಅದು ವಿಧಿಸಿರುವದು. ದಶವಂದವೆಂದರೂ ಹತ್ತರಲ್ಲೊಂದು ಪಾಲೇ. ಅಂದು ಆ ಪಾಲನ್ನು ಕಟ್ಟಿಸಿದವನಿಗೆ ಕೊಡುತ್ತಿದ್ದರು. ಇಂದು ಕಟ್ಟುವವನಿಂದ ಪಡೆಯುವರು.

ಬೆಂಗಳೂರು ಬೆಳೆದಂತೆ ಖಾಸಗಿಯವರೂ ಗೃಹನಿರ್ಮಾಣ ಸಹಕಾರಿ ಸಂಘಗಳೂ ಬಡಾವಣೆಗಳನ್ನು ರಚಿಸತೊಡಗಿದುವು. ೧೯೭೬ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾನೂನಿನ ೩೨ನೆಯ ಕಲಮಿನಂತೆ ಅಂಥವರು ಒಪ್ಪಿಗೆ ಪಡೆಯುವಾಗ ಬಡಾವಣೆಯೊಳಗಿನ ದಾರಿ, ಚರಂಡಿ, ದೀಪಗಳ ವೆಚ್ಚವನ್ನು ಠೇವಣಿಯಿಡಬೇಕು. ಇಷ್ಟರ ನ್ಯಾಯವು ಯಾರಿಗಾದರೂ ತಿಳಿಯುವಂಥದು. ಆದರೆ ಅದೇ ಕಲಮಿಗೆ ತರುವಾಯ ಸೇರಿದ ಉಪಕಲಮು, ಬಡಾವಣೆಯ ಹೊರಗಿನ ನೀರು, ವಿದ್ಯುತ್ತು, ರಸ್ತೆ, ಸಾರಿಗೆಗಳಿಗೂ ಪಾಲು ಕೇಳುವ ಅಧಿಕಾರವಿತ್ತಿತು. ಸಹಕಾರಿ ಸಂಘಗಳು ಇದನ್ನು ಪ್ರಶ್ನಿಸಿದುವು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಆ ಉಪಕಲಮು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ೨೦೧೨ರಲ್ಲಿ ತೀರ್ಮಾನವಾಯಿತು. ಬಡಾವಣೆಯವನು ಇಡೀ ನಗರದ ವೆಚ್ಚಕ್ಕೆ ಎಷ್ಟರ ಮಟ್ಟಿಗೆ ಋಣಿ ಎಂಬ ವಿವೇಚನೆಯಾದರೋ ತೀರ್ಪಿನಿಂದ ಮುಗಿಯುವಂಥದಲ್ಲ.

ಇದರಲ್ಲಿನ ತೊಡಕು ಬೆಂಗಳೂರಿನ ಸುತ್ತಲಿನ ಎಂಟು ಪಟ್ಟಣಗಳಲ್ಲಿ ಸ್ಪಷ್ಟವಾಯಿತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ಕೆಂಗೇರಿ ಎಂಬ ಈ ಊರುಗಳಲ್ಲಿ ಕೊಳವೆಬಾವಿಯೂ ಟ್ಯಾಂಕರೂ ಅನೇಕ ಮನೆಗಳಿಗೆ ಆಧಾರವಾಗಿದ್ದವು. ಕಾವೇರಿ ನೀರನ್ನು ತರುವ ಯೋಜನೆಗೆ ೨೦೦೫ರಲ್ಲಿ ನೂರು ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರಡಿಸಲಾಯಿತು. ನಿವೇಶನದ ವಿಸ್ತೀರ್ಣಕ್ಕೆ ತಕ್ಕಂತೆ ಮನೆಯವರಿಂದ ಫಲಾನುಭವಿ ವಂತಿಗೆಯನ್ನು ಮುಂಗಡವಾಗಿಯೇ ಬೇಡಲಾಯಿತು. ಫಲವು ಕಾಣುವ ಮೊದಲೇ ಫಲಾನುಭವಿಯೆನಿಸಿಕೊಳ್ಳುವದನ್ನು ಹಲವರು ಆಕ್ಷೇಪಿಸಿದರು. ಕೊಟ್ಟವರಲ್ಲಿ ಅನೇಕರು ನೀರಿಗಾಗಿ ವರ್ಷಗಟ್ಟಲೆ ಕಾಯ್ದರು. ೨೦೦೭ರಲ್ಲಿ ಈ ಎಂಟು ಪಟ್ಟಣಗಳೊಡನೆ ನೂರಹತ್ತು ಹಳ್ಳಿಗಳೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿದವು. ಆ ಹಳ್ಳಿಗಳಿಗಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರು ನೀರು ತರುವ ಕಾವೇರಿ ಐದನೆಯ ಹಂತವು ಉದ್ಘಾಟನೆಗೊಂಡುದು ೨೦೨೪ರ ಅಕ್ಟೋಬರದಲ್ಲಿ. ನಡುವಿನ ಹದಿನೇಳು ವರ್ಷಗಳಲ್ಲಿ ಮನೆಗಳು ಎದ್ದುವು, ಮಕ್ಕಳು ಬೆಳೆದರು.

ಬಡಾವಣೆಯವನು ಕೊಟ್ಟ ಶುಲ್ಕವು ಅವನ ಚೀಲದಿಂದಲೇ ಹೋಯಿತೆಂದು ತಿಳಿಯುವದೂ ಪೂರ್ಣ ಸರಿಯಲ್ಲ. ಬೇಡಿಕೆ ಹೆಚ್ಚಿದ್ದಲ್ಲಿ ಅವನು ಅದನ್ನು ನಿವೇಶನದ ಬೆಲೆಯಲ್ಲಿ ಕೂಡಿಸಿಬಿಡುವನು. ಶುಲ್ಕವನ್ನು ತಪ್ಪಿಸಿ, ಒಪ್ಪಿಗೆಯಿಲ್ಲದೆ ಹೊಲವನ್ನೇ ತುಂಡು ಮಾಡಿ ಮಾರುವವರೂ ಉಂಟು. ಅಂಥ ರೆವಿನ್ಯೂ ನಿವೇಶನವು ಅಗ್ಗವಾದುದರಿಂದ ಬಡವನು ಕೊಳ್ಳುವನು. ಮಾರಿದವನು ಹೊರಟುಹೋದ ಮೇಲೆ ದಾರಿಯ ಕೆಸರೂ ಖಾತೆಗಾಗಿ ಕಟ್ಟಬೇಕಾದ ಸುಧಾರಣಾ ಶುಲ್ಕವೂ ಬಡವನ ಪಾಲಿಗೇ ಉಳಿಯುವವು.

ಇಷ್ಟರಿಂದ ವಂತಿಗೆಯ ತತ್ತ್ವವೇ ಕೆಟ್ಟದೆನ್ನಲಾಗದು. ಊರಿನಿಂದ ಏರಿದ ಬೆಲೆಯಲ್ಲಿ ಊರಿಗೆ ಪಾಲು ಸಲ್ಲುವದು ನ್ಯಾಯವೇ. ಆದರೆ ಆ ಹಣವು ಬೇರೆ ಖಾತೆಯಲ್ಲಿರಬೇಕು, ಯಾವ ಕೆಲಸಕ್ಕೆ ಪಡೆದರೋ ಅದಕ್ಕೇ ವೆಚ್ಚವಾಗಬೇಕು, ಕೆಲಸಕ್ಕೆ ಗಡುವಿರಬೇಕು, ಮೊದಲ ನಿವೇಶನವು ಮಾರಾಟವಾಗುವ ಮುಂಚೆಯೇ ವಂತಿಗೆಯು ಮಾರುವವನಿಂದ ಬಂದಿರಬೇಕು. ಬೆಂಗಳೂರಿಗೆ ಈ ತಿಳಿವಳಿಕೆಯು ತಡವಾಗಿ ಬಂದಿತು. ದೇವದುರ್ಗ, ಮಾನವಿ, ಅರಕೇರಾಗಳಿಗೆ ಸಮಯವು ಇನ್ನೂ ಮೀರಿಲ್ಲ. ಅಲ್ಲಿ ಹೊಲವನ್ನು ಅಳೆಯುವ ಸರಪಳಿಯು ಬಿದ್ದ ದಿನವೇ ನೀರಿನ ಲೆಕ್ಕವನ್ನೂ ಕೇಳತಕ್ಕದ್ದು.